ಗೊಬ್ಬರದ ಮಡಿ: ಏನು ಬಿತ್ತಬೇಕೆಂದು ಕುದುರೆ ಹೇಳುತ್ತಿದ್ದ ಕಾಲ

ಕನ್ನಡದಲ್ಲಿ 'ಮಡಿ' ಎಂಬ ಪದಕ್ಕೆ ಎರಡು ಅರ್ಥಗಳಿವೆ. ಒಂದು, ನಮ್ಮ ಅಜ್ಜಿಯಂದಿರು ಒದ್ದೆ ಸೀರೆ ಉಟ್ಟು ಕಾಪಾಡುತ್ತಿದ್ದದ್ದು, ಮಕ್ಕಳಾದ ನಾವು ಓಡಿಬಂದು ಮುಟ್ಟಿ ಕೆಡಿಸುತ್ತಿದ್ದದ್ದು. ಇನ್ನೊಂದು, ಸೊಪ್ಪು ತರಕಾರಿ ಬಿತ್ತಲು ತೋಟದಲ್ಲಿ ಮಣ್ಣು ಏರಿಸಿ ಮಾಡುವ ಪಾತಿ. ಮೊದಲನೆಯದಕ್ಕೆ ಕುದುರೆ ಲದ್ದಿ ಸೋಕಿದರೆ ಕೆಟ್ಟಿತು. ಎರಡನೆಯದಕ್ಕೆ ಲದ್ದಿ ಬೀಳದಿದ್ದರೆ ಕೆಟ್ಟಿತು! ಈ ಸಂಚಿಕೆಗೆ ನಾವು ಹೇಳಹೊರಟಿರುವುದು ಎರಡನೆಯ ಮಡಿಯ ಚರಿತ್ರೆಯನ್ನು.

ಇಂಗ್ಲೆಂಡಿನಲ್ಲಿ ಚಳಿಗಾಲ ಮುಗಿಯುವ ಮೊದಲೇ ಬೀಜದ ಕ್ಯಾಟಲಾಗುಗಳು ಮನೆಗೆ ಬರತೊಡಗುತ್ತವೆ. ಅಲಾಟ್‌ಮೆಂಟ್ ಇರುವ, ಅಥವಾ ಮನೆಯ ಹಿಂದೆ ನಾಲ್ಕಡಿ ಹಿತ್ತಲಿರುವ ಕನ್ನಡಿಗರೆಲ್ಲ ಆಗ ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ವರ್ಷ ಏನು ಹಾಕೋಣ? ಮೆಂತ್ಯವೋ, ಮೂಲಂಗಿಯೋ, ಬೀನ್ಸೋ, ಕುಂಬಳವೋ? ಇದು ನಾಲಿಗೆಯ ರುಚಿಗೆ ಬಿಟ್ಟ ವಿಷಯ ಎಂದು ನಾವು ತಿಳಿದಿರುತ್ತೇವೆ. ಆದರೆ ಯೂರೋಪಿನ ತೋಟಗಳ ಇತಿಹಾಸವನ್ನು ಸ್ವಲ್ಪ ಕೆದಕಿದರೆ ಬೇರೆಯೇ ಸಂಗತಿ ಹೊರಬೀಳುತ್ತದೆ. ಅಲ್ಲಿ ಶತಮಾನಗಳ ಕಾಲ ಈ ಪ್ರಶ್ನೆಗೆ ಉತ್ತರ ಕೊಡುತ್ತಿದ್ದದ್ದು ತೋಟಗಾರನಲ್ಲ, ಅವನ ಗೊಬ್ಬರ. ಗೊಬ್ಬರ ಎಲ್ಲಿಂದ ಬಂತು, ಎಷ್ಟು ಬಿಸಿಯಾಗಿದೆ, ಆ ಬಿಸಿ ಎಷ್ಟು ವಾರ ಉಳಿಯುತ್ತದೆ, ಇವು ಮೊದಲ ಲೆಕ್ಕ. ಬೀಜದ ಲೆಕ್ಕ ಆಮೇಲೆ.

ಬಿಸಿ ಗೊಬ್ಬರ, ತಣ್ಣನೆ ಗೊಬ್ಬರ

ನಮ್ಮ ಊರಿನ ತಿಪ್ಪೆ ಗೊತ್ತಿರುವವರಿಗೆ ಗೊಬ್ಬರ ಎಂದರೆ ಸಗಣಿ, ಜೊತೆಗೆ ಕುರಿ ಹಿಕ್ಕೆ. ಹಸು ಮೆಲುಕು ಹಾಕುವ ಪ್ರಾಣಿ. ತಿಂದ ಹುಲ್ಲನ್ನು ಚೆನ್ನಾಗಿ ಅರಗಿಸಿಕೊಳ್ಳುತ್ತದೆ. ಸಗಣಿ ಒದ್ದೆಯಾಗಿ, ಒತ್ತೊತ್ತಾಗಿ ಇರುವುದರಿಂದ ಒಳಗೆ ಗಾಳಿಯಾಡದೆ ನಿಧಾನವಾಗಿ ಕಳಿಯುತ್ತದೆ. ಅದಕ್ಕೇ ಇಲ್ಲಿನ ತೋಟಗಾರರು ಅದನ್ನು ತಣ್ಣನೆಯ ಗೊಬ್ಬರ ಎನ್ನುತ್ತಾರೆ. ಕುದುರೆ ಮೆಲುಕು ಹಾಕುವುದಿಲ್ಲ. ಅದರ ಲದ್ದಿಯಲ್ಲಿ ಅರೆಜೀರ್ಣವಾದ ನಾರು ಹೆಚ್ಚು. ಲಾಯದಲ್ಲಿ ಹಾಸಿದ ಒಣಹುಲ್ಲೂ ಅದರೊಡನೆ ಬೆರೆತಿರುತ್ತದೆ. ಮೂತ್ರದ ಸಾರಜನಕ, ಹುಲ್ಲಿನ ಇಂಗಾಲ, ನಡುವೆ ಓಡಾಡುವ ಗಾಳಿ, ಮೂರೂ ಸೇರಿದಾಗ ಸೂಕ್ಷ್ಮಜೀವಿಗಳಿಗೆ ಹಬ್ಬ. ಹೊಸ ಲದ್ದಿಯ ರಾಶಿ ಕೆಲವೇ ದಿನಗಳಲ್ಲಿ 60-70 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ.

ಹೊರಗೆ ಹಿಮ ಬೀಳುತ್ತಿರುವಾಗ, ಒಲೆಯಿಲ್ಲದೆ, ಸೌದೆಯಿಲ್ಲದೆ, ನೆಲದೊಳಗಿನಿಂದ ಬರುವ ಈ ಶಾಖವೇ 'ಹಾಟ್ ಬೆಡ್' ಎಂಬ ಬಿಸಿ ಮಡಿಯ ಗುಟ್ಟು. ಲದ್ದಿಯನ್ನು ಒಂದೆರಡು ಬಾರಿ ತಿರುವಿ ಹಾಕಿ, ಒಂದೂವರೆ ಎರಡು ಅಡಿ ದಪ್ಪಕ್ಕೆ ತುಳಿದು ಹಾಸಬೇಕು. ಮೇಲೆ ಹಳೆಯ ಗೊಬ್ಬರದ ಕಪ್ಪು ಪುಡಿಮಣ್ಣನ್ನು ಗೇಣು ದಪ್ಪಕ್ಕೆ ಹರಡಬೇಕು. ಅದರ ಮೇಲೆ ಗಾಜಿನ ಚೌಕಟ್ಟು. ಕೂಡಲೇ ಬಿತ್ತುವಂತಿಲ್ಲ, ಮೊದಲ ಉರಿಬಿಸಿಗೆ ಬೀಜ ಬೆಂದುಹೋಗುತ್ತದೆ, ಏಳುವ ಅಮೋನಿಯಾಕ್ಕೆ ಮೊಳಕೆ ಸುಡುತ್ತದೆ. ಹಳೆಯ ಕಾಲದ ತೋಟಗಾರರ ಬಳಿ ಥರ್ಮಾಮೀಟರ್ ಎಲ್ಲಿತ್ತು? ಮಡಿಯೊಳಗೆ ಒಂದು ಕೋಲು ಚುಚ್ಚಿಟ್ಟು, ಸ್ವಲ್ಪ ಹೊತ್ತಿನ ಮೇಲೆ ಎಳೆದು, ಅಂಗೈಯಲ್ಲಿ ಹಿಡಿದು ನೋಡುತ್ತಿದ್ದರು. ಕೈಗೆ ಹಿತವಾಗಿದ್ದರೆ ಬೀಜಕ್ಕೂ ಹಿತ. ಅಲ್ಲಿಂದ ಮುಂದೆ ಸುಮಾರು ಆರರಿಂದ ಎಂಟು ವಾರ ಬಿಸಿ ನಿಧಾನವಾಗಿ ಇಳಿಯುತ್ತಾ ಹೋಗುತ್ತದೆ. ಅಷ್ಟರೊಳಗೆ ಬೇರು ಬಿಟ್ಟು ನಿಲ್ಲುವ ಬೆಳೆಯನ್ನೇ ಆರಿಸಿಕೊಳ್ಳಬೇಕು.

ಚಕ್ರವರ್ತಿಯ ಸೌತೆ, ದೊರೆಯ ಅಂಜೂರ

ಈ ಆಯ್ಕೆಯ ಕಥೆ ರೋಮಿನಿಂದ ಶುರುವಾಗುತ್ತದೆ. ಕ್ರಿ.ಶ. 14ರಿಂದ 37ರವರೆಗೆ ಆಳಿದ ಟೈಬೀರಿಯಸ್ ಚಕ್ರವರ್ತಿಗೆ ಸೌತೆಯಿಲ್ಲದ ದಿನವೇ ಇರಲಿಲ್ಲವಂತೆ. ಹಾಗೆಂದು ಬರೆದಿಟ್ಟವನು ಪ್ಲಿನಿ. ಚಕ್ರ ಕಟ್ಟಿದ ಮಡಿಗಳನ್ನು ಬಿಸಿಲು ಬಂದತ್ತ ತಳ್ಳಿಕೊಂಡು ಹೋಗಿ, ಚಳಿಯ ದಿನಗಳಲ್ಲಿ ಬೆಳಕು ತೂರುವ ಕಲ್ಲಿನ ಹಲಗೆಗಳ ಕೆಳಗೆ ಇರಿಸುತ್ತಿದ್ದರಂತೆ. ಅದೇ ಶತಮಾನದ ಕೃಷಿ ಲೇಖಕ ಕೊಲುಮೆಲ್ಲ, ಗೊಬ್ಬರ ಬೆರೆಸಿದ ಮಣ್ಣನ್ನು ಬುಟ್ಟಿಗೆ ತುಂಬಿ ಸೌತೆ ಬಿತ್ತುವ ಉಪಾಯವನ್ನು ಹೇಳಿಕೊಟ್ಟಿದ್ದಾನೆ.

ಇಲ್ಲೊಂದು ಸ್ವಾರಸ್ಯವಿದೆ. ರೋಮನ್ನರ ಆ ಸೌತೆ ನಾವು ಇಂದು ಸೂಪರ್ ಮಾರ್ಕೆಟ್ಟಿನಲ್ಲಿ ಕೊಳ್ಳುವ ಸೌತೆಯಲ್ಲ, ಕರಬೂಜದ ಜಾತಿಗೆ ಸೇರಿದ ಉದ್ದನೆಯ ಕಾಯಿ ಎಂಬುದು ಸಸ್ಯಶಾಸ್ತ್ರಜ್ಞರ ಇತ್ತೀಚಿನ ಅಭಿಪ್ರಾಯ. ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ನಾವು ಹುಳಿಗೆ ಹಾಕುವ ಮಂಗಳೂರು ಸೌತೆಯೂ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಕರಬೂಜದ ಜಾತಿಯದೇ! ಗೊಬ್ಬರದ ಬಿಸಿಗೆ ಸೌತೆ, ಕರಬೂಜ, ಕುಂಬಳಗಳ ಬಳಗ ಒಲಿದಷ್ಟು ಬೇರೆ ತರಕಾರಿಗಳು ಒಲಿಯುವುದು ಕಡಿಮೆ. ನಮ್ಮ ಹಳ್ಳಿಗಳಲ್ಲಿ ಯಾರೂ ಬಿತ್ತದೆಯೇ ತಿಪ್ಪೆಯಂಚಿನಲ್ಲಿ ಕುಂಬಳದ ಬಳ್ಳಿ ಹಬ್ಬುವುದನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಅಲ್ಲಿಂದ ಹದಿನಾರು ಶತಮಾನ ದಾಟಿ ಫ್ರಾನ್ಸಿಗೆ ಬರೋಣ. ವರ್ಸೈ ಅರಮನೆಯ ಪಕ್ಕದಲ್ಲಿ 'ಪೊತಾಜೆ ದ್ಯು ರುವಾ', ಅಂದರೆ ದೊರೆಯ ಕಾಯಿಪಲ್ಯದ ತೋಟ, 1678ರಿಂದ 1683ರ ನಡುವೆ ತಯಾರಾಯಿತು. ಸುಮಾರು 9 ಹೆಕ್ಟೇರ್ ಜಾಗ, ಅದೂ ಜವುಗು ನೆಲ. ಅದನ್ನು ಕಟ್ಟಿದ ಜಾನ್ ಬಾಪ್ಟಿಸ್ಟ್ ದ ಲ ಕ್ಯಾಂತಿನಿ ಓದಿದ್ದು ವಕೀಲಿಕೆ, ಮನಸೋತದ್ದು ತೋಟಕ್ಕೆ. ಓದಿದ್ದೊಂದು, ಮಾಡುವುದೊಂದು ಎನ್ನುವುದು ನಮ್ಮ ಕಾಲದ ಇಂಜಿನಿಯರುಗಳ ಕಥೆ ಮಾತ್ರವಲ್ಲ ನೋಡಿ!

ದೊರೆ ಹದಿನಾಲ್ಕನೆಯ ಲೂಯಿಗೆ ಅಂಜೂರವೆಂದರೆ ಪ್ರಾಣ, ಹಸಿ ಬಟಾಣಿಯೆಂದರೆ ಇನ್ನೂ ಪ್ರಾಣ. ಲ ಕ್ಯಾಂತಿನಿ ಹೊಸ ಲದ್ದಿ ಮತ್ತು ಗಾಜಿನ ಬಲದಿಂದ ಡಿಸೆಂಬರಿನಲ್ಲಿ ಆಸ್ಪರಾಗಸ್, ಜನವರಿಯಲ್ಲಿ ಲೆಟಿಸ್, ಮಾರ್ಚಿಯಲ್ಲಿ ಸ್ಟ್ರಾಬೆರಿ, ಜೂನಿನಲ್ಲಿ ಅಂಜೂರಗಳನ್ನು ದೊರೆಯ ತಟ್ಟೆಗೆ ತಲುಪಿಸಿದ. 1688ರಲ್ಲಿ ಅವನು ತೀರಿಕೊಂಡ ಮೇಲೆ, 1690ರಲ್ಲಿ ಅವನ ತೋಟಗಾರಿಕೆಯ ಪುಸ್ತಕ ಅಚ್ಚಾಯಿತು; ಮೂರೇ ವರ್ಷದಲ್ಲಿ ಜಾನ್ ಎವೆಲಿನ್ ಹೆಸರಿನಲ್ಲಿ ಅದರ ಇಂಗ್ಲಿಷ್ ಅನುವಾದವೂ ಬಂತು. ಇಲ್ಲಿ ಬೆಳೆಯ ಆಯ್ಕೆ ದೊರೆಯ ನಾಲಿಗೆಯದು. ಖರ್ಚಿನ ಪ್ರಶ್ನೆಯೇ ಇಲ್ಲ. ಆದರೆ ಅದೇ ವಿದ್ಯೆ ಪೇಟೆಗೆ ಇಳಿದಾಗ ಏನಾಯಿತು ಎಂಬುದು ಇದಕ್ಕಿಂತ ದೊಡ್ಡ ಕಥೆ.

ಪ್ಯಾರಿಸ್ಸಿನ ಜವುಗು ತೋಟಗಾರರು

ಪ್ಯಾರಿಸ್ಸಿನಲ್ಲಿ ತರಕಾರಿ ಬೆಳೆಯುವವರಿಗೆ 'ಮರೆಶೆ' ಎಂದು ಹೆಸರು. 'ಮರೆ' ಎಂದರೆ ಜವುಗು. ಇಂದು ದುಬಾರಿ ಅಂಗಡಿಗಳಿರುವ 'ಲ ಮರೆ' ಬಡಾವಣೆ ಒಂದು ಕಾಲದಲ್ಲಿ ಜವುಗು ನೆಲವಾಗಿದ್ದು, ತರಕಾರಿ ತೋಟಗಳಿಗೆ ಹೆಸರಾಗಿತ್ತು. ಊರು ಬೆಳೆದಂತೆಲ್ಲ ತೋಟಗಾರರು ಹೊರಕ್ಕೆ ಸರಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಅವರ ಕಸುಬು ಉತ್ತುಂಗಕ್ಕೇರಿತು. 1845ರಲ್ಲಿ ಮೊರೊ ಮತ್ತು ದಾವೆರ್ನ್ ಎಂಬ ಇಬ್ಬರು ತೋಟಗಾರರು ತಮ್ಮ ಕಸುಬಿನ ಒಳಗುಟ್ಟುಗಳನ್ನು ತಿಂಗಳು ತಿಂಗಳಾಗಿ ಬಿಡಿಸಿ ಪುಸ್ತಕವನ್ನೇ ಬರೆದರು.

ಅವರಿಗೆ ಬಂಡವಾಳ ಕೊಟ್ಟದ್ದು ಪ್ಯಾರಿಸ್ಸಿನ ಬೀದಿಗಳು. ಸಾರೋಟು, ಆಮ್ನಿಬಸ್, ಸಾಮಾನಿನ ಗಾಡಿ, ಎಲ್ಲಕ್ಕೂ ಕುದುರೆ. ಸಾವಿರಾರು ಕುದುರೆಗಳ ಲದ್ದಿ ದಿನವೂ ಲಾಯಗಳಿಂದ ಹೊರಬೀಳಬೇಕು. ಇಲ್ಲದಿದ್ದರೆ ಊರು ನಾರುತ್ತದೆ. ತೋಟಗಾರನ ಗಾಡಿ ರಾತ್ರಿ ತರಕಾರಿ ತುಂಬಿಕೊಂಡು 'ಲೆ ಆಲ್' ಮಾರುಕಟ್ಟೆಗೆ ಹೋಗುತ್ತಿತ್ತು, ಬೆಳಿಗ್ಗೆ ಲದ್ದಿ ತುಂಬಿಕೊಂಡು ಹಿಂದಿರುಗುತ್ತಿತ್ತು. ಎರಡು ದಿಕ್ಕಿಗೂ ಬಾಡಿಗೆ ವಸೂಲಿ!

ಜೆರಾಲ್ಡ್ ಸ್ಟ್ಯಾನ್‌ಹಿಲ್ ಎಂಬ ವಿಜ್ಞಾನಿ 1977ರಲ್ಲಿ ಈ ವ್ಯವಸ್ಥೆಯ ಲೆಕ್ಕ ಹಾಕಿದ. ಊರಿನ ವಿಸ್ತೀರ್ಣದ ಆರನೇ ಒಂದು ಭಾಗದಷ್ಟು, ಸುಮಾರು 1,400 ಹೆಕ್ಟೇರ್ ನೆಲದಲ್ಲಿ, ವರ್ಷಕ್ಕೆ 1 ಲಕ್ಷ ಟನ್ ಸೊಪ್ಪು ತರಕಾರಿ. ಅದಕ್ಕೆ ಬಳಸಿದ ಲದ್ದಿ ಸುಮಾರು 10 ಲಕ್ಷ ಟನ್. ಒಂದು ಟನ್ ತರಕಾರಿಗೆ ಹತ್ತು ಟನ್ ಲದ್ದಿ! ಹೆಕ್ಟೇರಿಗೆ 700 ಟನ್ನಿನ ಮೇಲಾಯಿತು. ನಮ್ಮ ಕಡೆ ರಾಗಿ ಹೊಲಕ್ಕೆ ಹೆಕ್ಟೇರಿಗೆ ಎಂಟು ಹತ್ತು ಟನ್ ಕೊಟ್ಟಿಗೆ ಗೊಬ್ಬರ ಬಿದ್ದರೆ ಅದೇ ಧಾರಾಳ ಎನ್ನುತ್ತೇವೆ. ಮಣ್ಣಿಗೆ ಗೊಬ್ಬರ ಹಾಕುವುದಿರಲಿ, ಅವರು ಗೊಬ್ಬರದಿಂದಲೇ ಮಣ್ಣು ಮಾಡುತ್ತಿದ್ದರು.

ಇಂಥ ಮಡಿಗೆ ಅವರು ಯಾವ ಬೆಳೆ ಆರಿಸಿಕೊಂಡರು? ಅವರ ಆಯ್ಕೆಯನ್ನು ನೋಡಿದರೆ ನಾಲ್ಕು ಪರೀಕ್ಷೆಗಳು ಕಾಣುತ್ತವೆ. ಬೆಳೆ ಬೇಗ ಕೈಗೆ ಬರಬೇಕು. ಗಾಜಿನ ಕೆಳಗೆ ಕೂರುವಷ್ಟು ಕುಳ್ಳಗಿರಬೇಕು. ಬೇರು ಮೇಲುಮಣ್ಣಿನಲ್ಲೇ ತೃಪ್ತಿಪಡಬೇಕು. ಮುಖ್ಯವಾಗಿ, ಅಕಾಲದಲ್ಲಿ ಬಂದಾಗ ಒಳ್ಳೆಯ ಬೆಲೆ ಸಿಗಬೇಕು. ತಿಂಗಳುಗಟ್ಟಲೆ ಮಡಿ ಹಿಡಿದು ಕೂತು ಮೂರು ಕಾಸು ತರುವ ಆಲೂಗೆಡ್ಡೆಯಂಥವನ್ನು ಹೊರವಲಯದ ಹೊಲದವರಿಗೆ ಬಿಟ್ಟುಕೊಟ್ಟರು. ಮೂಲಂಗಿ, ಲೆಟಿಸ್, ಎಳೆ ಕ್ಯಾರೆಟ್, ಹೂಕೋಸು, ಕರಬೂಜ, ಇವು ಪರೀಕ್ಷೆಯಲ್ಲಿ ಪಾಸಾದ ಬೆಳೆಗಳು.

ಅದರಲ್ಲೂ ಕ್ಯಾರೆಟ್ಟಿನ ಆಯ್ಕೆ ಜಾಣತನದ್ದು. ಹಸಿ ಗೊಬ್ಬರದಲ್ಲಿ ಉದ್ದ ಕ್ಯಾರೆಟ್ ಬಿತ್ತಿದರೆ ಬೇರು ಕವಲೊಡೆಯುತ್ತದೆ ಎಂಬುದು ಎಲ್ಲ ತೋಟಗಾರರಿಗೂ ಗೊತ್ತು. ಅದಕ್ಕೆ ಅವರು ಆರಿಸಿದ್ದು ಗೋಲಿಯಂತೆ ದುಂಡಗಿನ ಗಿಡ್ಡ ತಳಿ. ಪೂರ್ತಿ ಕಳಿತ ಮೇಲುಮಣ್ಣಿನಲ್ಲೇ ಅದರ ಸಂಸಾರ ಮುಗಿಯುತ್ತದೆ. ಕೆಳಗಿನ ಲದ್ದಿಯಿಂದ ಶಾಖ ಮಾತ್ರ ಸಾಕು. 'ಪ್ಯಾರಿಸ್ ಮಾರ್ಕೆಟ್' ಎಂಬ ಹೆಸರಿನಲ್ಲಿ ದುಂಡು ಕ್ಯಾರೆಟ್ಟಿನ ಬೀಜ ಇಂದಿಗೂ ಸಿಗುತ್ತದೆ.

ಒಂದೇ ಮಡಿಯಲ್ಲಿ ಕ್ಯಾರೆಟ್ ಮತ್ತು ಮೂಲಂಗಿ ಬೀಜಗಳನ್ನು ಒಟ್ಟಿಗೆ ಚೆಲ್ಲಿ, ಅವುಗಳ ನಡುವೆ ಲೆಟಿಸ್ ಸಸಿಗಳನ್ನು ನೆಡುತ್ತಿದ್ದರು. ನಾಲ್ಕೈದು ವಾರಕ್ಕೆ ಮೂಲಂಗಿ ಕಿತ್ತು ಜಾಗ ತೆರವು. ಆಮೇಲೆ ಲೆಟಿಸ್ ಹೊರಡುತ್ತದೆ. ಆ ಹೊತ್ತಿಗೆ ಕ್ಯಾರೆಟ್ ದಪ್ಪವಾಗುತ್ತಾ ಬಂದಿರುತ್ತದೆ. ಅದರ ನಡುವೆ ಹೂಕೋಸು ತಲೆಯೆತ್ತುತ್ತಿರುತ್ತದೆ. ಚೌಕಟ್ಟು ಖಾಲಿಯಾದರೆ ಕರಬೂಜಕ್ಕೆ. ನಾವು ಸಾಫ್ಟ್‌ವೇರಿನವರು ಶೆಡ್ಯೂಲಿಂಗ್ ಎಂದು ದೊಡ್ಡ ಹೆಸರು ಕೊಟ್ಟು ಪರೀಕ್ಷೆ ಬರೆದು ಪಾಸಾದ ವಿದ್ಯೆ ಇದೇ. ಅವರಲ್ಲಿ ಪ್ರೊಸೆಸರ್ ಜಾಗದಲ್ಲಿ ಲದ್ದಿಯ ಬಿಸಿ ಇತ್ತು, ಅಷ್ಟೆ. ಒಂದು ಗಳಿಗೆಯ ಶಾಖವೂ ವ್ಯರ್ಥವಾಗುವಂತಿಲ್ಲ.

ರಷ್ಯಾದ ಚಿಂತಕ ಕ್ರೊಪೊಟ್ಕಿನ್ ತನ್ನ 'ಫೀಲ್ಡ್ಸ್, ಫ್ಯಾಕ್ಟರೀಸ್ ಅಂಡ್ ವರ್ಕ್‌ಶಾಪ್ಸ್' ಪುಸ್ತಕದಲ್ಲಿ ಪೋನ್ಸ್ ಎಂಬ ತೋಟಗಾರನ ಲೆಕ್ಕ ಕೊಡುತ್ತಾನೆ. 2.7 ಎಕರೆ ನೆಲದಿಂದ ವರ್ಷಕ್ಕೆ 20,000 ಪೌಂಡಿಗೂ ಹೆಚ್ಚು ಕ್ಯಾರೆಟ್, 1,54,000 ಲೆಟಿಸ್ ಮುಂತಾದ ಸೊಪ್ಪಿನ ಗೆಡ್ಡೆಗಳು, ಜೊತೆಗೆ 5,000 ಡಜನ್ ಒಳ್ಳೆಯ ಹಣ್ಣು! ಇನ್ನೂ ಬೆರಗಿನ ಸಂಗತಿಯೆಂದರೆ, ಮಡಿಗಳ ಹಳೆಯ ಲದ್ದಿ ಕಳಿತು ಎಷ್ಟು ಮಣ್ಣಾಗುತ್ತಿತ್ತೆಂದರೆ ವರ್ಷಕ್ಕೆ 250 ಘನ ಗಜ ಮಣ್ಣನ್ನು ಮಾರಿ ಹೊರಹಾಕಬೇಕಾಗುತ್ತಿತ್ತು. ಗೇಣಿಗೆ ನೆಲ ಹಿಡಿದ ಮರೆಶೆ ಜಾಗ ಬಿಡುವಾಗ, ಗಾಜಿನ ಚೌಕಟ್ಟುಗಳ ಜೊತೆಗೆ ಇಂತಿಷ್ಟು ಆಳದವರೆಗಿನ ಮಣ್ಣನ್ನೂ ಕೆರೆದು ಗಾಡಿಗೆ ಹೇರಿಕೊಂಡು ಹೋಗಬಹುದೆಂದು ಕರಾರಿನಲ್ಲೇ ಇರುತ್ತಿತ್ತಂತೆ. ಊರು ಬಿಟ್ಟು ಬಂದ ನಮಗೆ ಇದನ್ನು ಓದಿ ಹೊಟ್ಟೆಕಿಚ್ಚಾಯಿತು. ನಾವು ತಂದದ್ದು ಎರಡು ಸೂಟ್‌ಕೇಸು. ಮಣ್ಣು ತರುವ ಕರಾರು ನಮಗ್ಯಾರೂ ಬರೆದುಕೊಡಲಿಲ್ಲ.

ನಮ್ಮ ಕಡೆ ಏನಿತ್ತು?

ಗೊಬ್ಬರದ ವಿದ್ಯೆ ಕನ್ನಡಿಗರಿಗೆ ಹೊಸತಲ್ಲ. 1025ರ ಸುಮಾರಿಗೆ, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಎರಡನೆಯ ಚಾವುಂಡರಾಯ 'ಲೋಕೋಪಕಾರ' ಎಂಬ ಗ್ರಂಥ ಬರೆದ. (ಇವನು ಗೊಮ್ಮಟನನ್ನು ಕಡೆಸಿದ ಚಾವುಂಡರಾಯನಲ್ಲ.) ಜ್ಯೋತಿಷ, ವಾಸ್ತು, ಅಡುಗೆ, ಸುಗಂಧದ್ರವ್ಯಗಳ ಜೊತೆಗೆ ಗಿಡಮರಗಳ ಆರೈಕೆ ಹೇಳುವ ವೃಕ್ಷಾಯುರ್ವೇದವೂ ಅದರಲ್ಲಿದೆ. ಆದರೆ ನಮ್ಮಲ್ಲಿ ಗೊಬ್ಬರದಿಂದ ಬೇಕಾಗಿದ್ದದ್ದು ಸಾರ. ಶಾಖವನ್ನು ಸೂರ್ಯ ಪುಕ್ಕಟೆ ಕೊಡುತ್ತಿದ್ದ.

ಬೆಂಗಳೂರಿನಲ್ಲಂತೂ ಕಥೆ ತಿರುಗುಮುರುಗು. 1809ರಲ್ಲಿ ದಂಡು ಪ್ರದೇಶ ಸ್ಥಾಪನೆಯಾದ ಮೇಲೆ ಯೂರೋಪಿನ ತರಕಾರಿಗೆ ದೊಡ್ಡ ಗಿರಾಕಿಯೇ ಸಿಕ್ಕಂತಾಯಿತು. ಮೂರು ಸಾವಿರ ಅಡಿ ಎತ್ತರದ ಹಿತವಾದ ಹವೆಯಲ್ಲಿ ಕೋಸು, ಕ್ಯಾರೆಟ್, ಬೀನ್ಸ್ ಗಾಜೂ ಇಲ್ಲದೆ ಲದ್ದಿಯ ಬಿಸಿಯೂ ಇಲ್ಲದೆ ಬಂದವು. ಬೆಂಗಳೂರಿನ ಸುತ್ತ ತೋಟಗಾರಿಕೆಯನ್ನೇ ಕುಲಕಸುಬಾಗಿ ನಡೆಸಿದ ತಿಗಳರ ಮಡಿಗಳನ್ನು ಮರೆಯುವಂತಿಲ್ಲ. ಲಾಲ್‌ಬಾಗಿನ ಮೂಲಕ ಹರಡಿತೆನ್ನುವ ಸೀಮೆಬದನೆ ನಮ್ಮ ಪಾಲಿಗೆ 'ಸೀಮೆ'ಯದು. ಪಕ್ಕದ ತಮಿಳರ ಪಾಲಿಗೆ ಮಾತ್ರ ಅದು 'ಬೆಂಗಳೂರು ಬದನೆ'! ಒಂದೇ ಕಾಯಿಗೆ ಒಬ್ಬರಿಗೆ ವಿದೇಶಿ ಪಟ್ಟ, ಇನ್ನೊಬ್ಬರಿಗೆ ನೆರೆಮನೆಯ ವಿಳಾಸ.

ಕುದುರೆ ಹೋಯಿತು

ಮತ್ತೆ ಪ್ಯಾರಿಸ್ಸಿಗೆ. 1913ರ ಜನವರಿಯಲ್ಲಿ ಅಲ್ಲಿ ಕೊನೆಯ ಕುದುರೆ ಆಮ್ನಿಬಸ್ ಓಡಿತು. ಮರುವರ್ಷವೇ ಮಹಾಯುದ್ಧ. ಯುದ್ಧ ಮುಗಿಯುವ ಹೊತ್ತಿಗೆ ಬೀದಿಗಳು ಮೋಟಾರಿನ ವಶವಾಗುತ್ತಿದ್ದವು. ರೈಲು ದಕ್ಷಿಣ ಫ್ರಾನ್ಸಿನಿಂದ, ಹಡಗು ಅಲ್ಜೀರಿಯಾದಿಂದ ಎಳೆ ತರಕಾರಿಯನ್ನು ತಂದು ಸುರಿಯತೊಡಗಿದವು. ಊರಿನ ನೆಲಕ್ಕೆ ಚಿನ್ನದ ಬೆಲೆ ಬಂತು. ಬಿಸಿ ಮಡಿಗಳು ಒಂದೊಂದಾಗಿ ತಣ್ಣಗಾದವು.

ಇಂಗ್ಲೆಂಡಿನಲ್ಲೂ ಹೀಗೇ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಈವ್‌ಶಮ್ ಕಣಿವೆಯ ಬೆಳೆಗಾರರು ಪ್ಯಾರಿಸ್ಸಿಗೆ ಹೋಗಿ ನೋಡಿ ಬಂದು 'ಫ್ರೆಂಚ್ ಗಾರ್ಡನಿಂಗ್' ಶುರುಮಾಡಿದರು. ಪತ್ರಿಕೆಗಳು ಹೊಗಳಿದವು, ಪುಸ್ತಕಗಳು ಬಂದವು. ಲದ್ದಿ ದುರ್ಲಭವಾದಂತೆ ಆ ಉತ್ಸಾಹವೂ ಇಳಿಯಿತು.

ನಾವು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ತೋಟಗಾರರ ಜ್ಞಾನ ಸುಳ್ಳಾಗಲಿಲ್ಲ. ಅವರ ದುಡಿಮೆ ಕಡಿಮೆಯಾಗಲಿಲ್ಲ. ಜನ ಲೆಟಿಸ್ ತಿನ್ನುವುದನ್ನು ಬಿಡಲಿಲ್ಲ. ಮೋಟಾರು ಕಂಡುಹಿಡಿದವರಲ್ಲಿ ಯಾರಿಗೂ ಕರಬೂಜದ ಮೇಲೆ ಹಗೆಯಿರಲಿಲ್ಲ. ಆದರೂ ಒಂದು ಊರನ್ನು ಉಣಿಸುತ್ತಿದ್ದ ವ್ಯವಸ್ಥೆ ಕುಸಿಯಿತು. ಏಕೆಂದರೆ ಅದು ನಿಂತಿದ್ದದ್ದು ಬೇರೆಯವರ ಕಸದ ಮೇಲೆ. ಆ ಕಸ ಎಂದೆಂದಿಗೂ ಬರುತ್ತಲೇ ಇರುತ್ತದೆ ಎಂದು ಎಲ್ಲರೂ ನಂಬಿದ್ದರು. ಪ್ರೋಗ್ರಾಂ ಬರೆಯುವವರಿಗೆ ಇದು ಹೊಸ ಪಾಠವಲ್ಲ. ಯಾರೋ ಎಲ್ಲೋ ಬರೆದಿಟ್ಟ ಸಣ್ಣ ಲೈಬ್ರರಿಯೊಂದು ಮಾಯವಾದಾಗಲೇ ನಮ್ಮ ದೊಡ್ಡ ಪ್ರೋಗ್ರಾಂ ಯಾವುದರ ಮೇಲೆ ನಿಂತಿತ್ತೆಂದು ಗೊತ್ತಾಗುವುದು.

ಹತ್ತು ರಾಡಿನ ತೋಟ, 2008ರ ಪಾಠ

ಇಂಗ್ಲೆಂಡಿನಲ್ಲಿ ಸಾಮಾನ್ಯ ಜನರಿಗೆ ಮಡಿ ದಕ್ಕಿದ್ದು ಅಲಾಟ್‌ಮೆಂಟ್‌ಗಳಿಂದ. ಬೇಡಿಕೆಯಿದ್ದಲ್ಲಿ ಸ್ಥಳೀಯ ಕೌನ್ಸಿಲ್ಲುಗಳು ತುಂಡು ನೆಲ ಒದಗಿಸಬೇಕೆಂದು 1908ರ ಕಾಯಿದೆ ಹೇಳಿತು. ವಾಡಿಕೆಯ ಅಳತೆ ಹತ್ತು ರಾಡ್, ಅಂದರೆ ಸುಮಾರು 90 ಅಡಿಗೆ 30 ಅಡಿ. ನಮ್ಮ ಬೆಂಗಳೂರಿನ 60-40 ಸೈಟಿಗಿಂತ ಒಂದು ಕೈ ಜಾಸ್ತಿ. 1939ರ ಅಕ್ಟೋಬರಿನಲ್ಲಿ ಆರಂಭವಾದ ಯುದ್ಧಕಾಲದ 'ಡಿಗ್ ಫಾರ್ ವಿಕ್ಟರಿ' ಆಂದೋಲನದಲ್ಲಿ ಸರಕಾರವೇ ಕರಪತ್ರ ಹಂಚಿ, ಈ ಅಳತೆಯ ತೋಟವನ್ನು ಮೂರು ಭಾಗ ಮಾಡಿ ಏನೇನು ಬಿತ್ತಬೇಕೆಂದು ಹೇಳಿಕೊಟ್ಟಿತು: ಒಂದರಲ್ಲಿ ಬಟಾಣಿ, ಬೀನ್ಸ್, ಈರುಳ್ಳಿ, ಇನ್ನೊಂದರಲ್ಲಿ ಆಲೂಗೆಡ್ಡೆ ಮತ್ತು ಗೆಡ್ಡೆಗಳು, ಮೂರನೆಯದರಲ್ಲಿ ಚಳಿಗಾಲದ ಕೋಸಿನ ಜಾತಿಗಳು. ವರ್ಷವರ್ಷ ಜಾಗ ಬದಲು. ಇದ್ದಷ್ಟು ಗೊಬ್ಬರವನ್ನು ಮೂರೂ ಭಾಗಗಳಿಗೆ ಸರದಿಯಲ್ಲಿ ಮುಟ್ಟಿಸುವ ಉಪಾಯವೂ ಇದರಲ್ಲಿತ್ತು. ಮರೆಶೆ ಸಿರಿವಂತರ ಜನವರಿಗೆ ಬೆಳೆದ. ಇವರು ಸ್ವಂತ ಮನೆಯ ಹನ್ನೆರಡು ತಿಂಗಳಿಗೆ ಬೆಳೆದರು.

ಇಂದಿಗೂ ಅಲಾಟ್‌ಮೆಂಟಿನವರು ಕುದುರೆ ಲಾಯಗಳಿಂದ ಲದ್ದಿ ತರುತ್ತಾರೆ. 2008ರ ಬೇಸಿಗೆಯಲ್ಲಿ ದೇಶದ ನಾನಾ ಕಡೆ ಅವರ ಟೊಮೇಟೊ, ಬೀನ್ಸ್, ಆಲೂಗೆಡ್ಡೆ ಗಿಡಗಳ ಎಲೆಗಳು ಬಟ್ಟಲಿನಂತೆ ಮುದುಡಿ ವಿಕಾರವಾದವು. ಕಾರಣ ಹುಡುಕಿದಾಗ ಸಿಕ್ಕಿದ್ದು ಅಮಿನೊಪೈರಾಲಿಡ್ ಎಂಬ ಕಳೆನಾಶಕ. ಹುಲ್ಲುಗಾವಲಿನಲ್ಲಿ ಅಗಲ ಎಲೆಯ ಕಳೆ ಸಾಯಲೆಂದು ಅದನ್ನು ಸಿಂಪಡಿಸುತ್ತಾರೆ. ಹುಲ್ಲಿಗೆ ಏನೂ ಆಗುವುದಿಲ್ಲ. ಆ ಹುಲ್ಲನ್ನು ದನ ಕುದುರೆಗಳು ತಿನ್ನುತ್ತವೆ. ಅವಕ್ಕೂ ಏನೂ ಆದಂತೆ ಕಾಣುವುದಿಲ್ಲ. ವಿಷ ಹಾಗೇ ಲದ್ದಿಯಲ್ಲಿ ಇಳಿದು, ತಿಪ್ಪೆಯಲ್ಲೂ ಬೇಗ ಕರಗದೆ, ಮಡಿಗೆ ಬಂದು ಬೀನ್ಸಿನ ಕುತ್ತಿಗೆ ಹಿಡಿಯುತ್ತದೆ! ಆ ಜುಲೈನಲ್ಲಿ ಅದರ ಪರವಾನಗಿಯನ್ನು ತಡೆಹಿಡಿಯಲಾಯಿತು. ಮುಂದೆ ಹೊಸ ನಿಬಂಧನೆಗಳೊಂದಿಗೆ ಮತ್ತೆ ಕೊಡಲಾಯಿತು. ಆದ್ದರಿಂದ ಎಚ್ಚರಿಕೆ ಇಂದಿಗೂ ಬೇಕು.

ಇದರ ಪರೀಕ್ಷೆ ಸುಲಭ. ಬಂದ ಗೊಬ್ಬರವನ್ನು ಕುಂಡದ ಮಣ್ಣಿಗೆ ಬೆರೆಸಿ ನಾಲ್ಕು ಬ್ರಾಡ್ ಬೀನ್ಸ್ ಬೀಜ ಊರಿ. ಗೊಬ್ಬರವಿಲ್ಲದ ಕುಂಡದಲ್ಲೂ ನಾಲ್ಕು ಊರಿ. ಮೂರು ನಾಲ್ಕು ವಾರ ಎರಡನ್ನೂ ಹೋಲಿಸಿ ನೋಡಿ. ಗೊಬ್ಬರದ ಕುಂಡದಲ್ಲಿ ಮಾತ್ರ ಎಲೆ ಮುದುಡಿದರೆ ಆ ಗೊಬ್ಬರವನ್ನು ಮಡಿಗೆ ಸೇರಿಸಬೇಡಿ. ಟೆಸ್ಟ್ ಮಾಡದೆ ರಿಲೀಸ್ ಮಾಡಬಾರದೆಂಬ ನಮ್ಮ ಕಸುಬಿನ ಮಾತು ತಿಪ್ಪೆಗೂ ಸಲ್ಲುತ್ತದೆ.

ಹಾಗಾದರೆ ಈ ವರ್ಷ ಏನು ಹಾಕೋಣ? ಚರಿತ್ರೆ ಕೊಡುವ ಉತ್ತರ ಇಷ್ಟು. ಪರೀಕ್ಷೆಯಲ್ಲಿ ಪಾಸಾದ ಹೊಸ ಗೊಬ್ಬರವಿದ್ದರೆ ಕುಂಬಳ, ಸೌತೆ, ಆಲೂಗೆಡ್ಡೆ. ಹೋದ ವರ್ಷ ಗೊಬ್ಬರ ಉಂಡ ಮಡಿಗೆ ಕ್ಯಾರೆಟ್, ಮೂಲಂಗಿ. ಮೆಂತ್ಯಕ್ಕೆ ಗೊಬ್ಬರದ ಹಂಗು ಕಡಿಮೆ. ಬಟಾಣಿಯ ಕುಲದ ಅದು ತನ್ನ ಸಾರಜನಕವನ್ನು ಬೇರಿನ ಗಂಟುಗಳ ಸಹಾಯದಿಂದ ತಾನೇ ಸಂಪಾದಿಸುತ್ತದೆ. ಮೊದಲು ನಮ್ಮ ಗೊಬ್ಬರ ಯಾವ ಲಾಯದಿಂದ ಬಂತು, ಆ ಲಾಯದ ಕುದುರೆ ಯಾವ ಹುಲ್ಲು ತಿಂದಿತು ಎಂದು ಕೇಳೋಣ. ಮಾರುವವನಿಗೆ ಉತ್ತರ ಗೊತ್ತಿಲ್ಲದಿದ್ದರೆ, ಬೀಜದ ಪೊಟ್ಟಣ ಬಿಚ್ಚುವ ಮೊದಲು ಮೂರು ನಾಲ್ಕು ವಾರ ಕಾಯೋಣ.

ನಿಮ್ಮ ಮಡಿಯಲ್ಲಿ ಈ ವರ್ಷ ಏನಿದೆ, ಅದಕ್ಕೆ ಗೊಬ್ಬರ ಎಲ್ಲಿಯದು? ಎರಡನ್ನೂ ಬರೆದು ತಿಳಿಸಿ.